ಮೇಜು ತಟ್ಟಿಸಿದ ಮಾತು

"ಇನ್ನೊಂದ್ಸಲ ಓದವ್ವ, ಆ ಸಾಲ್ನ," ಎಂದಳು ಹುಲಿಯಮ್ಮ.

ನವ್ಯಶ್ರೀ ಕರಡು ಹಾಳೆಯಿಂದ ಕಣ್ಣೆತ್ತಿ ಗಂಗಾಮಣಿಯವರನ್ನು ನೋಡಿದಳು. ಮೂರು ಅವಧಿಗೆ ಶಾಸಕಿಯಾಗಿದ್ದ ಅವರು ಸದನದಲ್ಲಿ ಮಾಡಿದ ಭಾಷಣಗಳು ಈಗ ಪುಸ್ತಕವಾಗುತ್ತಿದ್ದವು. ಕಣ್ಣಿನ ಪೊರೆಯ ಆಪರೇಷನ್ ಆಗಿ ವಾರವಷ್ಟೇ ಕಳೆದಿದ್ದರಿಂದ ಅವರು ಓದುವಂತಿರಲಿಲ್ಲ. ಅದಕ್ಕೇ ಸಂಪಾದಕಿ ನವ್ಯಶ್ರೀ ಹಾನುಬಾಳಿನ ಅವರ ಮನೆಗೇ ಬಂದು ಪುಟ ಪುಟವನ್ನೂ ಓದಿ ಹೇಳುತ್ತಿದ್ದಳು. ಇವತ್ತಿನದು ಹದಿನೆಂಟು ವರ್ಷದ ಹಿಂದಿನ ಭಾಷಣ. ಬೆಳಗಿನ ಮಂಜಿನಲ್ಲಿ ಎಸ್ಟೇಟ್ ಕೆಲಸಕ್ಕೆ ನಡೆದು ಹೊರಟಿದ್ದ ವೀರಯ್ಯನನ್ನು ಆನೆ ತುಳಿದು ಕೊಂದ ಮೇಲೆ ಮಾಡಿದ್ದು. ಅವನ ಹೆಂಡತಿ ಹುಲಿಯಮ್ಮನೂ ಕೇಳಲಿ ಎಂದು ಗಂಗಾಮಣಿಯವರೇ ಹೇಳಿಕಳಿಸಿದ್ದರು.

ಹುಲಿಯಮ್ಮ ತಲೆಯ ಮೇಲೆ ಸೆರಗೆಳೆದುಕೊಂಡು, ಪುರಾಣ ಓದುವಲ್ಲಿ ಕೂರುವ ಹಾಗೆ ಕೈಮುಗಿದು ಜಗಲಿಯಲ್ಲಿ ಕೂತಿದ್ದಳು. ಬಂದಾಗ ತಮಾಷೆ ಮಾಡಿದ್ದಳು. "ಇಷ್ಟು ದಪ್ಪ ಪುಸ್ತಕ, ನೀವೊಬ್ರೇ ಮಾತಾಡಿದ್ದಾ ಗಂಗಕ್ಕ? ಮಿಕ್ಕೋರೇನು ನಿದ್ದೆ ಮಾಡ್ತಿದ್ರಾ?" "ಕೆಲವ್ರು ಮಾಡ್ತಿದ್ರು," ಎಂದು ಗಂಗಾಮಣಿ ನಕ್ಕಿದ್ದರು.

ನವ್ಯಶ್ರೀ ಮತ್ತೆ ಓದಿದಳು: "ಸತ್ತವನು ಕುಡಿದಿದ್ದ ಎಂದು ಮಂತ್ರಿಗಳು ಹೇಳಿದರು. ಕುಡಿದಿದ್ದ, ಒಪ್ಪೋಣ. ಕುಡಿದವನಿಗೆ ದಾರಿ ತಪ್ಪಬಹುದು. ಕುಡಿಯದ ಸರ್ಕಾರಕ್ಕೆ ಯಾಕೆ ತಪ್ಪಿತು?" ಓದಿ ಮುಗಿಸಿ, "ಈ ಮಾತಿಗೆ ಎರಡೂ ಕಡೆಯೋರು ಮೇಜು ತಟ್ಟಿದ್ರಂತೆ ಅಜ್ಜಿ," ಎಂದಳು. "ಕೆಲಸದೋರನ್ನ ಕರ್ಕೊಂಡು ಹೋಗೋಕೆ ಜೀಪು ಬಂದಿದ್ದೂ ಇದಾದ್ಮೇಲೇನೇ. ಪುಸ್ತಕದ ಹಿಂದಿನ ಹೊದಿಕೆಗೆ ಇದನ್ನೇ ಹಾಕ್ತಿದೀವಿ."

ಹುಲಿಯಮ್ಮ ಮುಗಿದಿದ್ದ ಕೈ ಬಿಡಿಸಿದಳು. ಆಮೇಲೆ ಮೆಲ್ಲಗೆ ಹೇಳಿದಳು, "ನಮ್ಮನೆಯೋರು ಕುಡೀತಿರ್ನಿಲ್ಲ ಕಣಕ್ಕ."

"ಪಕ್ಕದಲ್ಲೇ ಬ್ರಾಂದಿ ಬಾಟ್ಲು ಸಿಕ್ತು ಅಂತ ರಿಪೋರ್ಟಲ್ಲಿ ಇತ್ತಲ್ಲ ಹುಲಿಯಮ್ಮ."

"ಬಾಟ್ಲು ಬ್ರಾಂದೀದೆ. ಒಳಗಿದ್ದಿದ್ದು ಬೆಲ್ಲದ ಕಾಫಿ. ನಾನೇ ಹುಯ್ದು, ಬಿರಡೆಗೆ ಬಟ್ಟೆ ಸುತ್ತಿ ಕೊಟ್ಟಿದ್ದೆ. ನಮ್ ಕೂಲಿ ಲೈನಲ್ಲಿ ಎಲ್ರೂ ಅದ್ರಲ್ಲೇ ತಾನೇ ಒಯ್ಯೋದು? ಫ್ಲಾಸ್ಕು ನಿಮ್ಮಂತೋರ್ಗೆ."

ಗಂಗಾಮಣಿಗೆ ಅದು ಹೊಸ ವಿಷಯವಲ್ಲ. ಅವರದೇ ತೋಟದಲ್ಲಿ, ಕಾಫಿ ಗಿಡದ ಬುಡದಲ್ಲಿ, ಕೆಲಸದವರ ಬುತ್ತಿಯ ಪಕ್ಕ ಅಂಥ ಬಾಟಲಿಗಳನ್ನು ಚಿಕ್ಕಂದಿನಿಂದ ನೋಡಿದ್ದರು. ಬಾಯಾರಿದಾಗ ಒಂದೆರಡು ಸಲ ಅದರಿಂದಲೇ ಕುಡಿದೂ ಇದ್ದರು.

"ಆವತ್ತೇ ಯಾಕೆ ಹೇಳ್ಲಿಲ್ಲ?"

"ಮಣ್ಣಿಗೆ ಬಂದಿದ್ರಿ. ನನ್ ಕೈ ಹಿಡ್ಕೊಂಡು ಅತ್ರಿ. ಇದನ್ನ ಕೇಳ್ನಿಲ್ಲವಲ್ಲ."

"ಅಜ್ಜಿ, ಮೇಡಂ ವಾದಕ್ಕೆ ಹಾಗಂದಿದ್ದು," ಎಂದಳು ನವ್ಯಶ್ರೀ. "ಕುಡಿದಿದ್ದ ಅಂತ ಮೊದ್ಲು ಹೇಳಿದ್ದು ಮಂತ್ರಿ."

"ಮಂತ್ರಿ ಏನಾರ ಅನ್ಲಿ ಬುಡವ್ವ. ಅವ್ನೇನು ನಮ್ಮನೆಯೋರ ಮುಖ ಕಂಡಿದ್ನಾ? ಗಂಗಕ್ಕ ಕಂಡಿದ್ರು. ಅವ್ರೇ ಹೂಂ ಅಂದ್ಬುಟ್ರೆ ಇಲ್ಲ ಅನ್ನೋರು ಯಾರವ್ರೆ? ಮೊಮ್ಮಗಳು ಆಲೂರಲ್ಲಿ ಓದ್ತಾವ್ಳೆ. ನಾಳೆ ಈ ಪುಸ್ತಕ ಅವ್ಳ ಕೈಗೂ ಬತ್ತದೆ. ತಾತ ಕುಡ್ದು ಸತ್ತ ಅಂತ ಓದ್ಕತಾಳೆ."

ಕಣದಲ್ಲಿ ಒಣಗಲು ಹರವಿದ್ದ ಕಾಫಿಯನ್ನು ಯಾರೋ ಕಾಲಲ್ಲಿ ಎಳೆಯುತ್ತಿದ್ದ ಸದ್ದು ಬರುತ್ತಿತ್ತು. "ಸಾಲು ತೆಗೆದುಬಿಡೋಣ್ವಾ ಮೇಡಂ?" ಎಂದಳು ನವ್ಯಶ್ರೀ, ಮನಸ್ಸಿಲ್ಲದ ಮನಸ್ಸಿನಿಂದ.

"ಬೇಡ. ಆಡಿದ್ದನ್ನ ಆಡಿಲ್ಲ ಅನ್ನಕ್ಕಾಗಲ್ಲ. ಹೊದಿಕೆಯಿಂದ ತೆಗಿ. ಒಳಗಿರ್ಲಿ, ಅದೇ ಪುಟದ ಕೆಳಗೆ ಬರಿ." ಗಂಗಾಮಣಿ ಕಪ್ಪು ಕನ್ನಡಕ ತೆಗೆದು ಮಡಿಲಲ್ಲಿ ಇಟ್ಟುಕೊಂಡರು. "ವೀರಯ್ಯ ಕುಡಿಯುತ್ತಿರಲಿಲ್ಲ. ಬಾಟಲಿಯಲ್ಲಿದ್ದದ್ದು ಬೆಲ್ಲದ ಕಾಫಿ. ವಿಚಾರಿಸದೆ ಒಪ್ಪಿಕೊಂಡದ್ದು ನನ್ನ ತಪ್ಪು. ಬರೆದ್ಯಾ? ಓದು."

ನವ್ಯಶ್ರೀ ಓದಿದಳು. ಹುಲಿಯಮ್ಮ ಪೂರ್ತಿ ಕೇಳಿ, ತಲೆಯಾಡಿಸಿ, ಎದ್ದು ಚಪ್ಪಲಿ ಮೆಟ್ಟಿದಳು. ಹೊರಟವಳು ಮೆಟ್ಟಿಲಲ್ಲಿ ತಿರುಗಿ ನಿಂತಳು.

"ಒಳ್ಳೇದಾಯ್ತು ಗಂಗಕ್ಕ. ನೀವು ಅಂಗೆ ಮಾತಾಡಿದ ಮಾರ್ನೆ ದಿನ, ಎಸ್ಟೇಟ್ ಲೆಕ್ಕ ಬರಿಯೋ ರೈಟರು ಲೈನಲ್ಲಿ ಎಲ್ರಿಗೂ ಪೇಪರ್ ಓದಿ ಹೇಳ್ತಿದ್ರು. ನಾನು ಹೋದೇಟ್ಗೆ ಗಪ್ಪನೆ ನಿಲ್ಸ್ಬುಟ್ರು. ಯಾಕೆ ಅಂತ ಈಗ ತಿಳೀತು. ಕಿವೀಲಿ ಕೇಳ್ದೋರ್ಗೆ ಪುಟದ ಕೆಳಗೆ ಬರೆದ್ರೆ ಏನು ಬಂತು? ನೀವೇ ಒಂದ್ಸಲ ಬಂದು ಹೇಳ್ಬುಡಿ."

ಅವತ್ತೇ ಸಂಜೆ ಕೆಲಸ ಬಿಟ್ಟು ಜನ ಮರಳುವ ಹೊತ್ತಿಗೆ ಗಂಗಾಮಣಿ ಎಸ್ಟೇಟಿನ ಲೈನ್ ಮನೆಗಳ ಮುಂದೆ, ನೀರಿನ ತೊಟ್ಟಿಯ ಪಕ್ಕ ನಿಂತಿದ್ದರು. ಹೆಂಗಸರು ಬಿಂದಿಗೆ ಕೆಳಗಿಟ್ಟು ನಿಂತರು. ಗಂಡಸರು ಮಣ್ಣಾದ ಕೈ ತೊಳೆಯದೆ ಹಾಗೇ ಬಂದರು. ಮೂವತ್ತು ಜನ ಇದ್ದಿರಬಹುದು. ಹದಿನೈದು ವರ್ಷ ಸದನದಲ್ಲಿ ಕಾಗದ ನೋಡದೆ ಮಾತಾಡಿದ್ದ ಹೆಂಗಸು ಸೆರಗು ಸರಿಮಾಡಿಕೊಂಡು, ಗಂಟಲು ಸರಿಮಾಡಿಕೊಂಡು ಶುರು ಮಾಡಿದರು.

"ಮಾನ್ಯ ಸಭಾಧ್ಯಕ್ಷರೇ..."

ಮಾತು ಅಲ್ಲಿಗೇ ನಿಂತುಹೋಯಿತು. ಯಾರೂ ನಗಲಿಲ್ಲ.

"ಇಲ್ಲಿ ಅಧ್ಯಕ್ಷರು ಯಾರೂ ಇಲ್ಲ ಕಣಕ್ಕ," ಎಂದಳು ಹುಲಿಯಮ್ಮ. "ನಂಗೇ ಹೇಳಿ."