ಚಡ್ಡಿ ಕೊಟ್ಟು ಜಾಲರಿ

ಹನ್ನೊಂದು ಗಂಟೆಗೆ ಬಸವೇಶ್ವರನಗರದ ಚರ್ಮದ ಕ್ಲಿನಿಕ್ಕಿನಲ್ಲಿರಬೇಕಾದ ಅಂಜಿನಯ್ಯ, ಹತ್ತು ಗಂಟೆಗೆ ಟವೆಲ್ ಸುತ್ತಿಕೊಂಡು ಕಾಮಾಕ್ಷಿಪಾಳ್ಯದ ತನ್ನ ಮನೆಯ ಬೀರು, ಮಂಚದಡಿ, ಒಗೆಯುವ ಬಕೆಟ್ಟು ಎಲ್ಲವನ್ನೂ ಜಾಲಾಡುತ್ತಿದ್ದ.

“ಏನ್ ಹುಡುಕ್ತಾ ಇದೀರಾ?” ಹೆಂಡತಿ ಚಿಕ್ಕಗಂಗಮ್ಮ ಅಡುಗೆಮನೆಯಿಂದಲೇ ಕೇಳಿದಳು.

“ಪಟಾಪಟಿ ಚಡ್ಡಿ ಎಲ್ಲೇ?”

ಹೊಸ ಸ್ಟೀಲ್ ಜಾಲರಿಯಲ್ಲಿ ಟೀ ಸೋಸುತ್ತಿದ್ದವಳು ಜಾಲರಿಯನ್ನು ಮೆಲ್ಲಗೆ ಸೆರಗಿನ ಮರೆಗೆ ತಂದಳು. ಅದು ಅಂಜಿನಯ್ಯನ ಕಣ್ಣಿಗೆ ಬಿತ್ತು. ಹಳೇ ಬಟ್ಟೆಗೆ ಪಾತ್ರೆ ಕೊಡುವ ಪಟಾಲಮ್ಮ ಬೆಳಿಗ್ಗೆ ಬೀದಿಯಲ್ಲಿ ಕೂಗಿದ್ದು ಅವನ ಕಿವಿಗೂ ಬಿದ್ದಿತ್ತು.

“ನನ್ ಚಡ್ಡಿಗೆ ಬರೀ ಜಾಲರಿನಾ?”

“ಅದಕ್ಕೂ ಅವಳು ಒಪ್ಪಲಿಲ್ಲ. ನಿಮ್ದೇ ಒಂದ್ ಬನಿಯನ್ ಸೇರಿಸಿ ಕೊಟ್ಟೆ.”

ಒಂಬತ್ತು ವರ್ಷದಿಂದ ಅಂಜಿನಯ್ಯನಿಗೆ ಸೋರಿಯಾಸಿಸ್ ಗಂಟುಬಿದ್ದಿತ್ತು. ತೋಳು, ಬೆನ್ನು, ಮೊಣಕಾಲಿನ ತುಂಬ ಕೆಂಪು ಮಚ್ಚೆ, ಅದರ ಮೇಲೆ ಬಿಳಿ ಹೊಟ್ಟು. ಇದು ಅಂಟುರೋಗವಲ್ಲ ಎಂದು ಕಂಡಕಂಡವರಿಗೆ ಹೇಳಿ ಹೇಳಿ ಸಾಕಾಗಿ, ಗಾರ್ಮೆಂಟ್ಸಿನಲ್ಲಿ ಇಸ್ತ್ರಿ ಮಾಡುವಾಗ ಆ ಹಬೆಯಲ್ಲೂ ತುಂಬುತೋಳಿನ ಅಂಗಿ ತೊಟ್ಟು, ಮಣಿಕಟ್ಟಿನ ಗುಂಡಿ ಹಾಕಿಕೊಂಡೇ ನಿಲ್ಲುತ್ತಿದ್ದ. ಈಗ ಆರು ವಾರದಿಂದ, ವಾರಕ್ಕೆ ಮೂರು ಸಲ, ಕ್ಲಿನಿಕ್ಕಿನ ಬೆಳಕಿನ ಪೆಟ್ಟಿಗೆಯೊಳಗೆ ಕಪ್ಪು ಕನ್ನಡಕ ಹಾಕಿ, ಆ ಪಟಾಪಟಿ ಚಡ್ಡಿಯಲ್ಲಿ ನಿಂತು ಬರುತ್ತಿದ್ದ. ಮೊದಲ ದಿನ ಅರ್ಧ ನಿಮಿಷ, ಸ್ವಲ್ಪಸ್ವಲ್ಪವೇ ಏರಿಸಿ ಈಗ ಮೂರು ನಿಮಿಷ. ಮೊಣಕೈ ಆಗಲೇ ನುಣುಪಾಗಿತ್ತು. ಕೂತಲ್ಲಿ ನಿಂತಲ್ಲಿ ಅದನ್ನು ಸವರಿ ನೋಡಿಕೊಳ್ಳುವುದೇ ಅವನಿಗೊಂದು ಚಟವಾಗಿತ್ತು.

ಕ್ಲಿನಿಕ್ಕಿಗೆ ಫೋನು ಮಾಡಿದ. ನರ್ಸ್ ರಂಜಿನಿ ಎತ್ತಿಕೊಂಡಳು.

“ಸಿಸ್ಟರ್, ಇವತ್ತು ಬೇರೆ ಚಡ್ಡಿ ಹಾಕ್ಕೊಂಡ್ ಬರ್ಲಾ?”

“ಮೊದಲನೇ ದಿನಾನೇ ಹೇಳಿದ್ನಲ್ಲ ಸಾರ್, ಕೊನೇವರೆಗೂ ಒಂದೇ ಅಳತೆ ಇರ್ಬೇಕು ಅಂತ. ಗಿಡ್ಡದು ಹಾಕಿದ್ರೆ, ಇಷ್ಟ್ ದಿನ ಲೈಟೇ ನೋಡದಿರೋ ತೊಡೆಗೆ ಒಂದೇ ಸಲ ಮೂರು ನಿಮಿಷ ಬೀಳುತ್ತೆ. ಸುಟ್ಟು ಬೊಬ್ಬೆ ಬರುತ್ತೆ. ಉದ್ದದ್ದು ಹಾಕಿದ್ರೆ ಮೊಣಕಾಲಿನ ಮಚ್ಚೆ ಮುಚ್ಚಿ ಹೋಗುತ್ತೆ.”

ಅಂಗಡಿಯಲ್ಲಿ ಸಿಗುವ ಚಡ್ಡಿಗಳೆಲ್ಲ ತೊಡೆಗೇ ನಿಲ್ಲುವಂಥವು. ಮೊಣಕಾಲಿನ ಮೇಲಕ್ಕೆ ಸರಿಯಾಗಿ ನಿಲ್ಲುವಂತೆ ಪಟಾಪಟಿ ಚಡ್ಡಿ ಹೊಲಿದುಕೊಟ್ಟ ಟೈಲರ್ ಮುನಿಯಣ್ಣ ಮಷೀನು ಮಾರಿ ಉಲ್ಲಾಳದ ಮಗಳ ಮನೆ ಸೇರಿದ್ದ. ಅಂಜಿನಯ್ಯ ಕೈಗೆ ಸಿಕ್ಕ ಪಂಚೆ ಸುತ್ತಿಕೊಂಡು, ಟವೆಲನ್ನು ಮೈಮೇಲೆ ಹೊದ್ದು ಬೀದಿಗಿಳಿದ. ಹಿಂದೆಯೇ ಜಾಲರಿ ಹಿಡಿದು ಚಿಕ್ಕಗಂಗಮ್ಮ ಓಡಿದಳು.

ಪಟಾಲಮ್ಮ ನಾಲ್ಕು ಬೀದಿಯಾಚೆ, ಹೊಂಗೆ ಮರದಡಿ ಬುಟ್ಟಿ ಇಳಿಸಿಕೊಂಡು ಕೂತಿದ್ದಳು. ಅದೇ ಪಟಾಪಟಿ ಚಡ್ಡಿಯಿಂದ ಒಂದು ಬೋಗುಣಿಯನ್ನು ಫಳಫಳ ಹೊಳೆಯುವಂತೆ ಉಜ್ಜುತ್ತಿದ್ದಳು.

“ತಗೋ ನಿನ್ ಜಾಲರಿ. ನಮ್ ಚಡ್ಡಿ ಕೊಡು,” ಎಂದಳು ಚಿಕ್ಕಗಂಗಮ್ಮ.

ಪಟಾಲಮ್ಮ ಜಾಲರಿಯನ್ನು ಮೂಸಿ ನೋಡಿದಳು. “ಟೀ ಸೋಸಿದ್ದೀಯಲ್ಲಕ್ಕ. ಇದನ್ನ ಯಾರ್ ತಗೋತಾರೆ? ಬೇರೆ ಬಟ್ಟೆ ತನ್ನಿ, ಚಡ್ಡಿ ತಗೊಂಡ್ ಹೋಗಿ.”

ಅಂಜಿನಯ್ಯ ಮಾತಿಗೆ ನಿಲ್ಲದೆ ಮನೆಗೆ ಓಡಿದ. ತಿರುಗಿ ಬಂದಾಗ ಅವನ ತೋಳಿನ ಮೇಲೆ, ಗೆರೆ ಮುರಿಯದಂತೆ ಇಸ್ತ್ರಿ ಮಾಡಿದ್ದ ಐದು ತುಂಬುತೋಳಿನ ಅಂಗಿಗಳಿದ್ದವು.

“ಏನ್ರೀ ಇದು, ಇರೋ ಅಂಗಿಗಳ್ನೆಲ್ಲ ತಂದ್ಬಿಟ್ರಿ. ನಾಳೆ ಕೆಲ್ಸಕ್ಕೆ ಏನ್ ಹಾಕ್ಕೊಂಡ್ ಹೋಗ್ತೀರಾ?”

“ನಿನ್ ತಮ್ಮ ಕಿಟ್ಟಿ ಮದುವೇಲಿ ಕೊಟ್ಟಿದ್ದು ಅರ್ಧತೋಳಿನದು ಇದೆಯಲ್ಲ, ಮಡಿಕೆನೂ ಬಿಚ್ಚದೆ.”

ಆ ಅಂಗಿಯನ್ನು ತೊಡಿಸಲು ಚಿಕ್ಕಗಂಗಮ್ಮ ಎಷ್ಟು ಹಬ್ಬಗಳಲ್ಲಿ ಗೋಗರೆದು ಸೋತಿದ್ದಳೋ. ಅವಳಿಗೆ ಅಳು ಬಂತು. ನಡುಬೀದಿಯಲ್ಲಿ ಅಳುವುದು ಹೇಗೆಂದು ಜಾಲರಿಯನ್ನು ಸೆರಗಿನಲ್ಲಿ ತಿಕ್ಕತೊಡಗಿದಳು. ಅಂಜಿನಯ್ಯ ಐದೂ ಅಂಗಿಗಳನ್ನು ಪಟಾಲಮ್ಮನ ಮುಂದಿಟ್ಟ.

ಪಟಾಲಮ್ಮ ಮೊದಲು ಅಂಗಿಗಳನ್ನು ಬುಟ್ಟಿಯ ತಳಕ್ಕೆ ತುರುಕಿ, ಮೇಲೆ ಕೊಳಗ ಹೇರಿದಳು. ಚಡ್ಡಿ ಮಾತ್ರ ಕೈಬಿಡಲಿಲ್ಲ. ಒಂದು ಹರಕು ಚಡ್ಡಿಗೆ ಐದು ಅಂಗಿ ಕೊಡುವ ಗಿರಾಕಿಯನ್ನು ಅವಳು ಇದುವರೆಗೆ ಕಂಡಿರಲಿಲ್ಲ. ಲಾಡಿಯ ಪಟ್ಟಿಯನ್ನು ಉದ್ದಕ್ಕೂ ಬೆರಳಲ್ಲಿ ಹಿಸುಕಿದಳು. ಅಂಚಿನ ಹೊಲಿಗೆ ತಡಕಿದಳು.

“ನಿಜ ಹೇಳಣ್ಣ, ಇದ್ರೊಳಗೆ ಏನ್ ಹೊಲಿದಿಟ್ಟಿದ್ದೀಯ?” ಎನ್ನುತ್ತ ಚಡ್ಡಿಯನ್ನು ಎರಡೂ ಕೈಯಲ್ಲಿ ಅಗಲಿಸಿ ಸೂರ್ಯನಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡತೊಡಗಿದಳು.

ಅಂಜಿನಯ್ಯ ಕೈಗಡಿಯಾರ ನೋಡಿಕೊಂಡ. ಹನ್ನೊಂದಕ್ಕೆ ಹದಿನೈದು ನಿಮಿಷವಿತ್ತು.

“ಜಾಸ್ತಿ ಹೊತ್ತು ಹಿಡೀಬೇಡಮ್ಮ,” ಎಂದ. “ಅದಕ್ಕೂ ಮೂರೇ ನಿಮಿಷ.”