ಏಳನೆಯವರ ತಲೆಬರಹ

ಮನೆಯೊಳಗಿನ ಮಾತನ್ನು ಹೀಗೆ ಹೊರಗೆ ಹೇಳುವುದು ಸರಿಯೋ ತಪ್ಪೋ, ನಿಶ್ಚಯವಿಲ್ಲ. ಹೇಳುವ ಜಾಣತನವೂ ಅಷ್ಟಕ್ಕಷ್ಟೇ. ಓದುವವರು ಮನ್ನಿಸಬೇಕು.

ಡಾಕ್ಟರು ಮಾತ್ರೆಯ ಡಬ್ಬಿಯನ್ನು ಆಸ್ಪತ್ರೆಯ ಮಂಚದ ಮೇಲೆ ಬೋರಲು ಹಾಕಿದರು. ಬಿದ್ದದ್ದೆಲ್ಲ ಅರ್ಧ ಮಾತ್ರೆಗಳು.

“ಮುರಿದು ತಗೊಳ್ಳಿ ಅಂತ ಯಾರು ಹೇಳಿದ್ದು?”

ಅಮ್ಮ ಹೊದಿಕೆಯ ಅಂಚು ಸರಿಮಾಡಿಕೊಂಡಳು. “ಕಿಡ್ನಿ ತಿನ್ನುತ್ತಂತಲ್ಲಾ ಸಾರ್, ಅದು.”

“ಎಷ್ಟು ದಿನದಿಂದ ಹೀಗೆ?”

“ಲೆಕ್ಕ ಇಟ್ಟಿಲ್ಲ.”

ಬೆಳಗ್ಗೆ ಬಚ್ಚಲಲ್ಲಿ ಬಿದ್ದಿದ್ದಳು. ರಕ್ತದೊತ್ತಡ ಹದ್ದು ಮೀರಿತ್ತು. ಇನ್ನೊಮ್ಮೆ ಹೀಗಾದರೆ ಒಂದು ಕಡೆಯ ಕೈಕಾಲು ಬಿದ್ದುಹೋಗಬಹುದು ಎಂದರು ಡಾಕ್ಟರು. ಮಗಳಿಗೆ ಅದು ಅರ್ಧವೇ ಕೇಳಿಸಿತು. ಅವಳ ತಲೆಯಲ್ಲಿ ಬೇರೊಂದು ಸಾಲು ಕುದಿಯುತ್ತಿತ್ತು.

‘ಬೆಳಗಿನ ಬಿ.ಪಿ. ಮಾತ್ರೆ ನಿಮ್ಮ ಕಿಡ್ನಿ ತಿನ್ನುತ್ತಿದೆಯೇ?’

ಅವಳ ಆಫೀಸಿನ ಆರೋಗ್ಯ ಜಾಲತಾಣದಲ್ಲಿ ನಾಲ್ಕು ದಿನದಿಂದ ಎಲ್ಲಕ್ಕಿಂತ ಮೇಲೆ ಕೂತಿದ್ದ ತಲೆಬರಹ ಅದು. ಕೆಳಗಿನ ಲೇಖನವನ್ನು ಸಾಲು ಸಾಲಾಗಿ ಪರಿಶೀಲಿಸಿ ತನ್ನ ಹೆಸರು ಹಾಕಿದ್ದವಳು ಅವಳೇ. ಡಾಕ್ಟರನ್ನು ಕೇಳದೆ ಮಾತ್ರೆ ಬಿಡಬಾರದು ಎಂದು ಆರನೆಯ ಪ್ಯಾರಾದಲ್ಲಿ ಸ್ಪಷ್ಟವಾಗಿಯೇ ಇತ್ತು. ಆದರೆ ತಲೆಬರಹ ಅವಳ ಮೇಜಿಗೆ ಬರುತ್ತಿರಲಿಲ್ಲ. ಅವಳ ಕೆಲಸ ಮುಗಿದ ಮೇಲೆ ಬೇರೆಯವರು ಅದನ್ನು ಕೂರಿಸುತ್ತಿದ್ದರು. ಆರನೆಯ ಪ್ಯಾರಾದವರೆಗೆ ಯಾರು ಇಳಿಯುತ್ತಾರೆ?

“ನಿನ್ನ ಬುದ್ಧಿ ಹುಲ್ಲು ಮೇಯೋಕೆ ಹೋಗಿತ್ತಾ ಅಮ್ಮಾ? ಮೂವತ್ತು ವರ್ಷ ಬಟ್ಟೆ ಅಂಗಡಿ ಕೌಂಟರಲ್ಲಿ ನಿಂತು ಊರಿಗೇ ಟೋಪಿ ಹಾಕಿದೋಳು, ಯಾರೋ ಬರೆದ ಒಂದು ಸಾಲಿಗೆ ಬಿದ್ದುಬಿಟ್ಟೆಯಲ್ಲ!”

“ಟೋಪಿ ಅಲ್ಲ ಕಣೇ, ವ್ಯಾಪಾರ,” ಎಂದಳು ಅಮ್ಮ. “ಕೂಗಾಡಬೇಡ. ನನ್ನ ಫೋನ್ ಎಲ್ಲಿ?”

“ಬಿದ್ದು ಎದ್ದ ಮೇಲೂ ಫೋನೇ ಬೇಕಾ? ಅದನ್ನ ಕಿತ್ತು ಬಿಸಾಕ್ತೀನಿ ನೋಡು!”

ಹಾಗೆಂದಳೇ ಹೊರತು, ದಿಂಬಿನ ಪಕ್ಕ ಇಟ್ಟು ಹೊರಟಳು.

ಆಫೀಸಿನ ಗೋಡೆಯ ಮೇಲೆ ಒಂದು ಚಿತ್ರವಿತ್ತು. ಕೆಳಗೆ ‘ಅಜ್ಜಿ’ ಎಂದು ಬರೆದಿತ್ತು. ಅಂಥ ಅಜ್ಜಿ ಎಲ್ಲೂ ಇರಲಿಲ್ಲ. ಕಂಟೆಂಟ್ ಸ್ಟ್ರಾಟಜಿ, ಅಂದರೆ ಓದುಗರನ್ನು ಸೆಳೆಯುವ ತಂತ್ರ, ನೋಡಿಕೊಳ್ಳುವವನು ಹುಟ್ಟಿಸಿದ ಓದುಗಿ ಅವಳು: ಅರವತ್ತೈದು ವರ್ಷ, ಮೊಣಕಾಲು ನೋವು, ಹಗಲೆಲ್ಲ ಮನೆಯಲ್ಲಿ ಒಬ್ಬಳೇ, ಹೆದರಿದರೆ ತಲೆಬರಹ ಒತ್ತಿ ತೆರೆಯುತ್ತಾಳೆ, ಹತ್ತು ಜನಕ್ಕೆ ಕಳಿಸುತ್ತಾಳೆ. ಯಾವ ಲೇಖನ ಬಂದರೂ ಅವನದು ಒಂದೇ ಪ್ರಶ್ನೆ: “ಅಜ್ಜಿ ಒತ್ತುತ್ತಾಳಾ?” ಆಫೀಸಿನವರು ಅವನಿಗೆ ತಂತ್ರಪ್ಪ ಎಂದು ಹೆಸರಿಟ್ಟಿದ್ದರು.

ಅವಳು ಚಿತ್ರವನ್ನು ಗೋಡೆಯಿಂದ ಕಿತ್ತು ಅವನ ಮೇಜಿಗೆ ಬಡಿದಳು.

“ನಿಮ್ಮ ಅಜ್ಜಿ ಒತ್ತಿದಳು. ಒತ್ತಿ, ಮಾತ್ರೆ ಮುರಿದು, ಬಚ್ಚಲಲ್ಲಿ ಬಿದ್ದಳು. ನಮ್ಮಮ್ಮ ರೀ ಅದು!”

ತಂತ್ರಪ್ಪ ಎದ್ದು ನಿಂತ. “ಮೇಡಂ, ಮೊದಲು ಕೂತ್ಕೊಳ್ಳಿ.”

“ಕೂರೋಕೆ ಬಂದಿಲ್ಲ. ಆ ಸಾಲು ಬರೆದೋರು ಯಾರು?”

“ಏಳು.”

ಹೊರಗಿನ ಹತ್ತು ಜನ ಮನೆಯಿಂದಲೇ ತಲೆಬರಹ ಬರೆದು ಕಳಿಸುತ್ತಿದ್ದರು. ಮುಖ ನೋಡಿ ಮಣೆ ಹಾಕಬಾರದೆಂದು ಅವರಿಗೆ ಹೆಸರಿಲ್ಲ, ಅಂಕಿ ಮಾತ್ರ. ಒಂದು ಲೇಖನಕ್ಕೆ ಇಬ್ಬರ ತಲೆಬರಹ. ಅರ್ಧ ಓದುಗರಿಗೆ ಒಂದು ಕಾಣುತ್ತದೆ, ಉಳಿದವರಿಗೆ ಇನ್ನೊಂದು. ಹೆಚ್ಚು ಜನ ಒತ್ತಿದ್ದು ಉಳಿಯುತ್ತದೆ. ಐದು ತಿಂಗಳಿಂದ ಏಳು ಒಮ್ಮೆಯೂ ಸೋತಿರಲಿಲ್ಲ.

“ಅಜ್ಜಿ ಮನಸ್ಸು ಅವರಿಗೆ ಅಂಗೈ ಗೆರೆ ಇದ್ದ ಹಾಗೆ,” ಎಂದ ತಂತ್ರಪ್ಪ. ದನಿಯಲ್ಲಿ ಭಕ್ತಿಯೇ ಇತ್ತು. “ನಾವು ಓದಿ ಕಲಿತದ್ದೆಲ್ಲ ಅವರ ಮುಂದೆ ದಂಡ.”

“ಮನೆಹಾಳರು! ಅವರ ಮನೇಲೂ ಒಬ್ಬರು ಹೀಗೇ ಆಸ್ಪತ್ರೆ ಮಂಚ ಹತ್ತಬೇಕು. ಆಗ ಗೊತ್ತಾಗುತ್ತೆ!”

ಸಿಟ್ಟು ಏಳನೆಯವರ ಮೇಲಷ್ಟೇ ಆಗಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. ನಾಲ್ಕು ದಿನ ಆ ಸಾಲನ್ನು ಅವಳೂ ನೋಡಿದ್ದಳು. ಅದು ನನ್ನ ಕೆಲಸವಲ್ಲ ಎಂದು ಸುಮ್ಮನಿದ್ದಳು. ತಾನು ಪರಿಶೀಲಿಸಿದ ಲೇಖನವನ್ನು ಲಕ್ಷ ಜನ ತೆರೆದರಲ್ಲ ಎಂದು ಒಳಗೊಳಗೇ ಹಿಗ್ಗಿದ್ದೂ ಉಂಟು.

“ಆ ತಲೆಬರಹ ಈಗಲೇ ಹೋಗಬೇಕು. ಏಳೂ ಹೋಗಬೇಕು. ಇಲ್ಲಾಂದ್ರೆ ನನ್ನ ಹೆಸರು ತೆಗೀರಿ, ನನ್ನನ್ನೂ ತೆಗೀರಿ.”

ತಂತ್ರಪ್ಪ ಅವಳ ಮುಖ ನೋಡಿದ. ಕಂಪ್ಯೂಟರಿನ ಕಡೆ ತಿರುಗಿ ಎರಡು ಸಲ ಒತ್ತಿದ. ತಲೆಬರಹ ಮಾಯವಾಯಿತು.

“ಇದಾಯ್ತು. ಏಳು ಅವರಿಗೆ ಬೇಡ ಅನ್ನೋಕೆ ಮಾತ್ರ ನನ್ನ ಬಾಯಲ್ಲಿ ಆಗಲ್ಲ ಮೇಡಂ. ದೊಡ್ಡವರ ಥರ ಮಾತಾಡ್ತಾರೆ. ಊಟ ಆಯ್ತಾ ಅಂತ ಕೇಳ್ತಾರೆ.”

“ಫೋನ್ ಹಚ್ಚಿ. ನಾನೇ ಹೇಳ್ತೀನಿ. ಎಲ್ಲರಿಗೂ ಕೇಳಿಸಲಿ.”

‘ಏಳು’ ಎಂದು ಉಳಿಸಿಟ್ಟಿದ್ದ ಸಂಖ್ಯೆಯನ್ನು ಅವನು ಒತ್ತಿ, ಸ್ಪೀಕರ್ ಹಾಕಿ, ಫೋನನ್ನು ಮೇಜಿನ ನಡುವೆ ಇಟ್ಟ. ಸುತ್ತಲಿನ ಕುರ್ಚಿಗಳು ಒಂದೊಂದಾಗಿ ಇತ್ತ ತಿರುಗಿದವು. ಅವಳು ಎರಡೂ ಕೈ ಊರಿ ಬಗ್ಗಿದಳು. ಬೈಗುಳಗಳು ನಾಲಿಗೆಯ ತುದಿಯಲ್ಲಿ ಸಾಲುಗಟ್ಟಿ ನಿಂತಿದ್ದವು.

ನಾಲ್ಕನೆಯ ಸಲ ರಿಂಗಾದಾಗ ಆ ಕಡೆ ಎತ್ತಿಕೊಂಡರು.

“ಹೇಳಪ್ಪಾ,” ಎಂದು ಪಿಸುಗುಟ್ಟಿತು ಅಮ್ಮನ ದನಿ. “ನಂದೇ ಗೆದ್ದಿತು ತಾನೇ? ಬೇಗ ಹೇಳು. ಪಕ್ಕದ ಮಂಚದವರು ಮಲಗಿದ್ದಾರೆ, ಮಗಳು ಬಂದರೆ ಫೋನ್ ಕಿತ್ಕೋತಾಳೆ.”

ಹೆದರಿ ಮಾತ್ರೆ ಮುರಿದ ಮೇಲೆ ಅಮ್ಮ ಆ ಸಾಲು ಬರೆದಳೋ, ಬರೆದ ಮೇಲೆ ತನ್ನ ಸಾಲಿಗೆ ತಾನೇ ಹೆದರಿದಳೋ, ಇವತ್ತಿಗೂ ಗೊತ್ತಿಲ್ಲ.