ಆರು ಖಾಲಿ ಚೌಕಗಳು

ಗೋಡೆಯ ಮೇಲೆ ಆರು ಚೌಕಗಳು ಖಾಲಿ ಇದ್ದವು. ಶಿವಮೊಗ್ಗದ ಬಸ್ಸಿಳಿದು ಭದ್ರಾವತಿಯ ಶಾಲೆಯ ಅಂಗಳಕ್ಕೆ ಬಂದ ರಸಾಯನಶಾಸ್ತ್ರದ ಮೇಡಂ ದಾಕ್ಷಾಯಣಿ ಅವನ್ನು ಎರಡು ಸಲ ಎಣಿಸಿದರು. ಧಾತುಗಳ ಆವರ್ತ ಕೋಷ್ಟಕದ ಮೇಲಿನ ಐದು ಸಾಲು ಮುಗಿದಿತ್ತು. ಆ ಆರು ಕಡೆ ಮಾತ್ರ ಬರೀ ಸುಣ್ಣ. ಬರೆಯುತ್ತಿದ್ದ ಹಾಲಸ್ವಾಮಿ ಕುಂಚ ತೊಳೆದಿಟ್ಟು ಏಣಿಯ ಕೆಳಗಿನ ಮೆಟ್ಟಿಲ ಮೇಲೆ ಕೂತಿದ್ದರು.

ನಾಡಿದ್ದು ವಿಜ್ಞಾನ ಮೇಳ. ಅಷ್ಟರಲ್ಲಿ ಮುಗಿಯದಿದ್ದರೆ ಗೋಡೆಗೆ ಮತ್ತೆ ಬಿಳಿ ಬಳಿಸುತ್ತೇನೆಂದು ಹೆಡ್‌ಮಾಸ್ಟರ್ ಹೇಳಿಯಾಗಿತ್ತು. ಆ ಗೋಡೆಗಾಗಿ ದಾಕ್ಷಾಯಣಿ ಒಂದು ವರ್ಷ ಗೋಗರೆದಿದ್ದರು.

"ನೋಡಿ ಬರೆಯೋಕೆ ನೀವು ಕೊಟ್ಟ ಚಾರ್ಟು ತಪ್ಪಿದೆ ಮೇಡಂ," ಎಂದರು ಹಾಲಸ್ವಾಮಿ. "ಇಪ್ಪತ್ತೆರಡು ವರ್ಷ ವೇಬ್ರಿಡ್ಜಲ್ಲಿ ಲಾರಿ ತೂಗಿದೋನು ನಾನು. ತಪ್ಪು ತೂಕ ಬರಿ ಅಂದ್ರೆ ಕೈ ಏಳಲ್ಲ."

ಒಂದು, ನಾಲ್ಕು, ಆರು ಮುಕ್ಕಾಲು ಚಿಲ್ಲರೆ, ಒಂಬತ್ತು: ಬರೆಯುತ್ತಾ ಹೋದಂತೆ ಚೌಕದಿಂದ ಚೌಕಕ್ಕೆ ತೂಕ ಏರುವುದು ಅವರ ಕಣ್ಣಿಗೆ ಬಿದ್ದಿತ್ತು. ಹದಿನೆಂಟನೆಯದಕ್ಕೆ ಬಂದಾಗ ಕೈ ನಿಂತಿತು. ಆರ್ಗಾನ್ 39.95, ಅದರ ಮುಂದಿನ ಪೊಟ್ಯಾಸಿಯಂ 39.10. ಎರಡನ್ನೂ ಬಿಟ್ಟು ಮುಂದೆ ಹೋದರೆ ಕೋಬಾಲ್ಟ್-ನಿಕ್ಕಲ್, ಟೆಲ್ಯುರಿಯಂ-ಅಯೋಡಿನ್ ಹತ್ತಿರವೂ ಅದೇ ಕಥೆ. ಚಾರ್ಟು ಅಚ್ಚು ಹಾಕಿದ ಪ್ರೆಸ್ಸಿನವನು ಅದಲುಬದಲು ಮಾಡಿದ್ದಾನೆಂದು ಅವರ ತೀರ್ಮಾನ.

ರೇಗಲೆಂದು ಬಾಯಿ ತೆರೆದ ದಾಕ್ಷಾಯಣಿ ಆ ಖಾಲಿ ಚೌಕಗಳನ್ನು ಇನ್ನೊಮ್ಮೆ ನೋಡಿದರು. ಪಾಠ ಹೇಳಿದ ಹದಿನಾರು ವರ್ಷದಲ್ಲಿ ಒಬ್ಬ ವಿದ್ಯಾರ್ಥಿಯೂ ಕೇಳದ ಪ್ರಶ್ನೆ ಅದು. ನೂರೈವತ್ತು ವರ್ಷದ ಹಿಂದೆ ತೂಕ ನೋಡಿ ಧಾತುಗಳನ್ನು ಜೋಡಿಸಲು ಹೊರಟವರೂ ಟೆಲ್ಯುರಿಯಂ ಹತ್ತಿರ ಬಂದು ಹೀಗೇ ತಲೆ ಕೆರೆದುಕೊಂಡಿದ್ದರು.

ದಾಕ್ಷಾಯಣಿ ಪಕ್ಕದಲ್ಲೇ ಜಗಲಿಯ ಮೆಟ್ಟಿಲ ಮೇಲೆ ಕೂತರು. ತೂಕ ಸರಿಯಾಗಿಯೇ ಇದೆ, ಜಾಗವೂ ಸರಿ ಎಂದು ವಿವರಿಸಿದರು. ಒಂದು ಕಂಬಸಾಲಿನಲ್ಲಿ ನಿಂತವರದೆಲ್ಲ ಒಂದೇ ಗುಣ. ಆರ್ಗಾನ್ ಯಾರ ಜೊತೆಗೂ ಬೆರೆಯದ ಅನಿಲ, ಪೊಟ್ಯಾಸಿಯಂ ನೀರು ಸೋಕಿದರೆ ಹೊತ್ತಿಕೊಳ್ಳುವಂಥದ್ದು. ತೂಕ ನೋಡಿ ಅದಲುಬದಲು ಮಾಡಿದರೆ ಬೆಂಕಿ ಹೋಗಿ ಜಡ ಅನಿಲಗಳ ಸಾಲಿನಲ್ಲಿ ನಿಲ್ಲುತ್ತದೆ.

"ಹಂಗಾದ್ರೆ ಯಾವ ಲೆಕ್ಕದ ಮೇಲೆ ನಿಲ್ಲಿಸಿದ್ದಾರೆ?"

"ಮೂಲೇಲಿ ನೀವೇ ಬರೆದಿದ್ದೀರಲ್ಲ, ಆ ಸಂಖ್ಯೆ."

"ಅದು ಸೀರಿಯಲ್ ನಂಬರ್ ಅಲ್ವಾ?"

"ಅಲ್ಲ. ಪರಮಾಣುವಿನ ಮಧ್ಯದಲ್ಲಿ ಎಷ್ಟು ಪ್ರೋಟಾನ್ ಇದೆ ಅನ್ನೋ ಲೆಕ್ಕ. ಹತ್ತೊಂಬತ್ತಿದ್ರೆ ಅದು ಪೊಟ್ಯಾಸಿಯಂ. ಒಂದು ಕಮ್ಮಿಯಾದ್ರೆ ಆರ್ಗಾನ್. ತೂಕ ಹೇಗಾದ್ರೂ ಇರ್ಲಿ."

ಹಾಲಸ್ವಾಮಿ ಎದ್ದು ಗೋಡೆಯ ಹತ್ತಿರ ಹೋದರು. ತಾವೇ ಬರೆದ ಸಂಖ್ಯೆಗಳ ಮೇಲೆ ಒಂದರಿಂದ ಬೆರಳಾಡಿಸುತ್ತಾ ಹೊರಟು, ಐವತ್ತನಾಲ್ಕರ ತನಕ ಒಂದನ್ನೂ ಬಿಡದೆ ಮುಟ್ಟಿದರು. ಖಾಲಿ ಬಿಟ್ಟ ಆರು ಕಡೆ ಸುಣ್ಣವನ್ನೇ ಮುಟ್ಟಿದರು. "ನಡುವೆ ಎಲ್ಲೂ ಎಣಿಕೆ ತಪ್ಪಲ್ಲ," ಎಂದು ತಮಗೆ ತಾವೇ ಹೇಳಿಕೊಂಡರು. ಆಮೇಲೆ ಕುಂಚವನ್ನು ಬಣ್ಣಕ್ಕದ್ದಿದರು.

ಕೆಳಗೆ ಇನ್ನೂ ಅರವತ್ತನಾಲ್ಕು ಚೌಕ ಬಾಕಿ ಇದ್ದವು. ಉಳಿದವಕ್ಕೆ ತೂಕ ಬರೆಯೋದು ಬೇಡ, ಈ ಆರಕ್ಕೂ ಬೇಡ, ಕೆಲಸ ಬೇಗ ಮುಗಿಯುತ್ತೆ ಎಂದರು ದಾಕ್ಷಾಯಣಿ.

ಏಣಿ ಹತ್ತುತ್ತಿದ್ದ ಹಾಲಸ್ವಾಮಿ ತಿರುಗಿ ನೋಡಿದರು.

"ತೂಕ ಇರ್ಲಿ ಮೇಡಂ. ನಾನು ಎಡವಿದ ಕಲ್ಲದು. ಮಕ್ಕಳಿಗೂ ಎಡವೋಕೆ ಇರ್ಲಿ."